ಶುಗರ್ ಇದೆ, ಮುಟ್ಟು ನಿಂತಿದೆ, ಕೆಳಗೆ ಉರಿ: ಜೆಲ್ಲೋ, ಹಾರ್ಮೋನ್ ಕ್ರೀಮೋ, ಮಾತ್ರೆಯೋ?

"ಉಷ್ಣ ಆಗಿದೆ ಅಷ್ಟೇ" ಅಂತ ನಮ್ಮಮ್ಮ ಬಾರ್ಲಿ ನೀರು ಕುದಿಸಿ ಕೊಡುತ್ತಿದ್ದರು. ಕೆಳಗೆ ಉರಿ, ನವೆ, ಮೂತ್ರ ಮಾಡುವಾಗ ಚುರುಚುರು, ಎಲ್ಲಕ್ಕೂ ಅದೇ ಮದ್ದು. ನನಗೆ ಶುಗರ್ ಶುರುವಾಗಿ ಆರು ವರ್ಷದ ಮೇಲೆ ಮುಟ್ಟು ನಿಂತಿತು. ಆಮೇಲೆ ಉರಿ ಶುರುವಾದಾಗ ನಾನೂ ಮೊದಲು ಕುಡಿದದ್ದು ಬಾರ್ಲಿ ನೀರನ್ನೇ. ಮೂರು ತಿಂಗಳು ಕುಡಿದೆ. ಬಾರ್ಲಿ ಖರ್ಚಾಯಿತು, ಉರಿ ಹಾಗೇ ಇತ್ತು.

ಈಗ ಪರಿಚಯದ ಹೆಂಗಸರು ಮದುವೆ ಮನೆಯಲ್ಲಿ ಸಿಕ್ಕಿದರೂ ಮೂಲೆಗೆ ಕರೆದು ಇದನ್ನೇ ಕೇಳುತ್ತಾರೆ. "ಡಾಕ್ಟರ್ ಹಾರ್ಮೋನ್ ಕ್ರೀಮ್ ಬರೆದಿದ್ದಾರೆ. ಡಬ್ಬಿಯೊಳಗಿನ ಚೀಟಿ ಓದಿದರೆ ಕ್ಯಾನ್ಸರ್, ಲಕ್ವ ಅಂತೆಲ್ಲ ಇದೆ. ಹಚ್ಚಲೋ ಬೇಡವೋ?" "ನನ್ನ ತಂಗಿ ಹಾರ್ಮೋನ್ ಮಾತ್ರೆ ತಗೊಂಡು ಆರಾಮಾಗಿದ್ದಾಳೆ. ನನಗೆ ಶುಗರ್ ಇರೋದ್ರಿಂದ ಆಗಲ್ವಾ?" "ಲೇಸರ್ ಮಾಡಿಸಿದ್ರೆ ಒಂದೇ ಸಲಕ್ಕೆ ಮುಗಿಯುತ್ತಂತೆ, ಹೌದಾ?" ಎಲ್ಲರೂ ಮೂರು ನಾಲ್ಕು ದಾರಿಗಳ ನಡುವೆ ನಿಂತು ಯಾವುದನ್ನೂ ಹಿಡಿಯದೆ ಸುಮ್ನೆ ಉರಿ ಸಹಿಸಿಕೊಂಡಿದ್ದಾರೆ.

ನಾನು ಡಾಕ್ಟರ್ ಅಲ್ಲ. ಆದರೆ ಈ ದಾರಿಗಳಲ್ಲಿ ಕೆಲವನ್ನು ನಡೆದು ನೋಡಿದ್ದೇನೆ, ಉಳಿದವನ್ನು ಓದಿ, ಕೇಳಿ ತಿಳಿದುಕೊಂಡಿದ್ದೇನೆ. ಕೊನೆಯ ನಿರ್ಧಾರ ನೀವು ಮತ್ತು ನಿಮ್ಮ ಡಾಕ್ಟರ್ ಸೇರಿ ಮಾಡುವಂಥದ್ದು. ಅವರ ಎದುರು ಕೂತಾಗ ಏನು ಕೇಳಬೇಕು ಅನ್ನುವುದು ಗೊತ್ತಿದ್ದರೆ ಒಳ್ಳೆಯದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಳಗೆ ಆಗುವುದೇನು?

ಯೋನಿಯ ಒಳಪದರವನ್ನು ದಪ್ಪವಾಗಿ, ಒದ್ದೆಯಾಗಿ ಇಡುವುದು ಈಸ್ಟ್ರೋಜೆನ್ ಹಾರ್ಮೋನ್. ಅದು ಇದ್ದಾಗ ಆ ಪದರದ ಜೀವಕೋಶಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಅದನ್ನು ನೆಚ್ಚಿಕೊಂಡು ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಬದುಕುತ್ತದೆ. ಹಾಲಿಗೆ ಹೆಪ್ಪು ಹಾಕಿದಾಗ ಮೊಸರು ಹುಳಿಯಾಗುತ್ತದಲ್ಲ, ಇದೂ ಅದೇ ಜಾತಿಯ ಕೆಲಸ. ಯೋನಿಯ ಪಿಎಚ್ 3.5ರಿಂದ 4.5ರ ಆಸುಪಾಸಿನಲ್ಲಿ ಹುಳಿಯಾಗಿ ಇರುತ್ತದೆ, ಕೆಟ್ಟ ಕ್ರಿಮಿಗಳು ಸುಲಭಕ್ಕೆ ನೆಲೆ ಊರುವುದಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿಯುತ್ತದೆ. ಪದರ ತೆಳುವಾಗುತ್ತದೆ, ಒಣಗುತ್ತದೆ, ಪಿಎಚ್ 5 ದಾಟುತ್ತದೆ, ಅಂದರೆ ಆ ಹುಳಿ ಕಡಿಮೆಯಾಗುತ್ತದೆ. ಮೂತ್ರದ ದಾರಿಯ ಬಾಯಿಯೂ ಹೀಗೇ ಸೊರಗುತ್ತದೆ. ಅದಕ್ಕೇ ಪದೇ ಪದೇ ಉರಿಮೂತ್ರ. ಮೊದಲೆಲ್ಲ ಡಾಕ್ಟರುಗಳು ಇದನ್ನು ಯೋನಿಯ ಸೊರಗುವಿಕೆ ಎಂದಷ್ಟೇ ಕರೆಯುತ್ತಿದ್ದರು. ಮೂತ್ರದ ತೊಂದರೆಯೂ ಇದರದ್ದೇ ಭಾಗ ಅಂತ 2014ರಲ್ಲಿ ಎರಡನ್ನೂ ಸೇರಿಸಿ ಹೊಸ ಹೆಸರಿಟ್ಟರು. ಚೀಟಿಯಲ್ಲಿ "ಜಿಎಸ್‌ಎಂ" ಅಂತ ಬರೆದಿದ್ದರೆ ಅದು ಇದೇ.

ಶುಗರ್ ಇದರ ಮೇಲೆ ತನ್ನ ಪಾಲನ್ನೂ ಸೇರಿಸುತ್ತದೆ. ಸಣ್ಣ ರಕ್ತನಾಳಗಳು ಹಾಳಾದರೆ ಆ ಜಾಗಕ್ಕೆ ರಕ್ತ ಕಡಿಮೆ ಹರಿಯುತ್ತದೆ, ಒದ್ದೆಯಾಗುವುದೂ ಕಡಿಮೆಯಾಗುತ್ತದೆ. ನರಗಳು ಮಂದವಾದರೆ ಸ್ಪರ್ಶ ತಿಳಿಯುವುದಿಲ್ಲ. ಅಂಗಾಲು ಜೋಮು ಹಿಡಿಯುತ್ತದಲ್ಲ, ಹಾಗೇ ಇಲ್ಲೂ ಆಗಬಹುದು ಅಂತ ನಮಗೆ ಯಾರೂ ಹೇಳುವುದಿಲ್ಲ. ಸಕ್ಕರೆ ಜಾಸ್ತಿ ಇದ್ದಾಗ ಶಿಲೀಂಧ್ರಕ್ಕೆ ಹಬ್ಬ. ದೇಶದಲ್ಲಿ 10.1 ಕೋಟಿ ಜನಕ್ಕೆ ಶುಗರ್ ಇದೆ ಅಂತ ಐಸಿಎಂಆರ್ ಜೊತೆಗೂಡಿ ನಡೆದ ದೊಡ್ಡ ಸಮೀಕ್ಷೆ 2023ರಲ್ಲಿ ಹೇಳಿತು. ಅವರಲ್ಲಿ ಮುಟ್ಟು ನಿಂತ ಹೆಂಗಸರೇ ಎಷ್ಟು ಜನ ಇರಬೇಡ! ಆದರೂ ಶುಗರ್ ಕ್ಲಿನಿಕ್ಕಿನಲ್ಲಿ ಕಾಲು ನೋಡುತ್ತಾರೆ, ಕಣ್ಣು ನೋಡಿಸಿ ಅನ್ನುತ್ತಾರೆ. ಇದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಅಳೆಯುವ ಕೋಲು ಯಾವುದು?

ಯಾವ ಔಷಧ ಒಳ್ಳೆಯದು ಅಂತ ಕೇಳುವ ಮೊದಲು ನಿಮ್ಮ ಬಗ್ಗೆಯೇ ನಾಲ್ಕೈದು ವಿಷಯ ಗೊತ್ತಿರಬೇಕು. ಮೊದಲನೆಯದು, ತೊಂದರೆ ಕೆಳಗೆ ಮಾತ್ರವಾ, ಅಥವಾ ಮೈಯೆಲ್ಲ ಬಿಸಿಯೇರುವುದು, ರಾತ್ರಿ ಬೆವರು, ನಿದ್ದೆ ಇಲ್ಲದಿರುವುದು ಕೂಡ ಇದೆಯಾ? ನನ್ನ ಪ್ರಕಾರ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಎರಡನೆಯದು, ಶುಗರ್ ಹಿಡಿತದಲ್ಲಿದೆಯಾ, ಅದಕ್ಕೆ ಯಾವ ಮಾತ್ರೆ ನುಂಗುತ್ತಿದ್ದೀರಿ? ಆಮೇಲೆ, ಗರ್ಭಕೋಶ ಇದೆಯಾ, ತೆಗೆಸಿದ್ದೀರಾ? ತೆಗೆಸಿದ್ದರೆ ಅಂಡಾಶಯವನ್ನೂ ತೆಗೆದರಾ? ಇದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿ. ವಯಸ್ಸು ಎಷ್ಟು, ಮುಟ್ಟು ನಿಂತು ಎಷ್ಟು ವರ್ಷ, ಹೃದಯದ ತೊಂದರೆ, ಲಕ್ವ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಸ್ತನ ಕ್ಯಾನ್ಸರ್, ಇವುಗಳಲ್ಲಿ ಯಾವುದಾದರೂ ಆಗಿತ್ತಾ ಅನ್ನುವುದೂ ಬೇಕು.

ಕೊನೆಗೆ ಯಾರೂ ಕೇಳದ ಪ್ರಶ್ನೆ: ಮನೆಯಲ್ಲಿ ನಿಮಗೆ ಹತ್ತು ನಿಮಿಷ ಬಾಗಿಲು ಹಾಕಿಕೊಳ್ಳುವ ಜಾಗ ಇದೆಯಾ? ಸೊಸೆ, ಮೊಮ್ಮಕ್ಕಳ ಜೊತೆ ಒಂದೇ ಕೋಣೆಯಲ್ಲಿ ಮಲಗುವವರಿಗೆ ರಾತ್ರಿ ಅಪ್ಲಿಕೇಟರ್ (ಕ್ರೀಮನ್ನು ಒಳಗೆ ಹಾಕುವ ಕೊಳವೆ) ಹಿಡಿದು ಕೂರುವುದು ಹೇಳಿದಷ್ಟು ಸುಲಭ ಅಲ್ಲ. ಮಂಡಿನೋವು ಇದ್ದರಂತೂ ಇನ್ನೂ ಕಷ್ಟ. ದುಡ್ಡಿನ ಲೆಕ್ಕದಷ್ಟೇ ಇದೂ ಮುಖ್ಯ.

ಹಾರ್ಮೋನಿಗೆ ಮುಂಚೆ ಶುಗರ್ ಮಾತ್ರೆ ನೋಡಿ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜಾಸ್ತಿ ಜನ ಎಡವುವುದು. ನಾನೂ ಎಡವಿದ್ದೆ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಮಾತ್ರೆಗಳಿವೆ. ಹೆಸರಿನ ಕೊನೆಯಲ್ಲಿ "ಗ್ಲಿಫ್ಲೋಜಿನ್" ಇದ್ದರೆ ಅದೇ ಗುಂಪು. ಇವು ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಹಾಕುತ್ತವೆ. ಹೃದಯಕ್ಕೆ, ಕಿಡ್ನಿಗೆ ತುಂಬಾ ಒಳ್ಳೆಯ ಮಾತ್ರೆಗಳು. 2020ರಲ್ಲಿ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿಯಿತು, 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್‌ದೂ ಮುಗಿಯಿತು. ಬೆಲೆ ಇಳಿಯಿತು. ಈಗ ಬಹಳ ಜನ ತೆಗೆದುಕೊಳ್ಳುತ್ತಿದ್ದಾರೆ. ಆದರೆ ಮೂತ್ರದಲ್ಲಿ ಸಕ್ಕರೆ ಹೋದರೆ ಆ ಜಾಗದಲ್ಲಿ ಶಿಲೀಂಧ್ರ ಬೆಳೆಯುವುದು ಸುಲಭ. ಈ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ ಅಂಥ ಸೋಂಕು ಉಳಿದವರಿಗಿಂತ ಮೂರು ನಾಲ್ಕು ಪಟ್ಟು ಜಾಸ್ತಿ.

ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ನವೆ ಶುರುವಾದದ್ದು ಹೊಸ ಮಾತ್ರೆ ಶುರು ಮಾಡಿದ ಮೇಲಾ ಅಂತ ಲೆಕ್ಕ ಹಾಕಿ ಡಾಕ್ಟರಿಗೆ ಹೇಳಿ. ಮೂತ್ರ ಮಾಡಿದ ಮೇಲೆ ಬರೀ ನೀರಿನಲ್ಲಿ ತೊಳೆದು ಒರೆಸಿಕೊಳ್ಳುವುದು, ಹತ್ತಿಯ ಒಳಉಡುಪು, ಇಷ್ಟರಿಂದಲೇ ಕೆಲವರಿಗೆ ಸರಿಹೋಗುತ್ತದೆ. ಇನ್ನು ಕೆಲವರಿಗೆ ಮಾತ್ರೆ ಬದಲಿಸಬೇಕಾಗುತ್ತದೆ.

ಶಿಲೀಂಧ್ರದ ನವೆಗೂ ಒಣಗಿದ್ದರ ಉರಿಗೂ ವ್ಯತ್ಯಾಸ ಇದೆ. ಸಾಮಾನ್ಯವಾಗಿ ಶಿಲೀಂಧ್ರವಾದರೆ ನವೆ ಜಾಸ್ತಿ, ಕೆಂಪಾಗುತ್ತದೆ, ಒಡೆದ ಹಾಲಿನ ಗರಣೆಯಂಥ ಬಿಳಿ ಸೆರಗು. ಒಣಗಿದ್ದಾದರೆ ಉರಿ, ಉಜ್ಜಿದಂತೆ ನೋವು, ಸೇರುವಾಗ ಸೀಳಿದಂತೆ, ಕೆಲವೊಮ್ಮೆ ಒಂದೆರಡು ಹನಿ ರಕ್ತ. ಆದರೆ ಎರಡೂ ಒಟ್ಟಿಗೆ ಇರಬಹುದು. ಚರ್ಮ ಬಿಳಿಚಿಕೊಂಡು ತೆಳುವಾಗುವ ಬೇರೆ ಕಾಯಿಲೆಯೂ ಇದೆ. ಒಮ್ಮೆ ಪರೀಕ್ಷೆ ಮಾಡಿಸಲೇಬೇಕು, ಕೌಂಟರಿನಲ್ಲಿ ಹೇಳಿ ಟ್ಯೂಬ್ ತರುವ ವಿಷಯ ಅಲ್ಲ ಇದು.

ನಾನು ತಂದಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಮೆಡಿಕಲ್ ಶಾಪಿನಲ್ಲಿ ತಗ್ಗಿದ ದನಿಯಲ್ಲಿ "ನವೆ" ಅಂದೆ, ಅವನು ಅಷ್ಟೇ ತಗ್ಗಿದ ದನಿಯಲ್ಲಿ ಒಂದು ಟ್ಯೂಬ್ ಕೊಟ್ಟ. ಶಿಲೀಂಧ್ರದ ಔಷಧದ ಜೊತೆ ಜೋರಾದ ಸ್ಟೀರಾಯ್ಡ್ ಬೆರೆಸಿದ ಕ್ರೀಮ್ ಅದು. ಎರಡು ದಿನ ಸ್ವರ್ಗ. ಆಮೇಲೆ ಚರ್ಮ ಇನ್ನೂ ತೆಳುವಾಗಿ ಬಟ್ಟೆ ತಾಗಿದರೂ ಉರಿ. ಅದರಿಂದ ಹೊರಬರಲು ಎರಡು ತಿಂಗಳು ಹಿಡಿಯಿತು.

ಫ್ಲುಕೊನಜೋಲ್ ಮಾತ್ರೆಯದ್ದೂ ಒಂದು ಮಾತು. ಶಿಲೀಂಧ್ರಕ್ಕೆ ಅದು ಒಳ್ಳೆಯದೇ. ಆದರೆ ಗ್ಲಿಮಿಪಿರೈಡ್‌ನಂಥ ಶುಗರ್ ಮಾತ್ರೆಯ ಜೊತೆ ಸೇರಿದರೆ ಶುಗರ್ ತೀರಾ ಕೆಳಗಿಳಿಯಬಹುದು. ಸುಮ್ನೆ ತಂದು ನುಂಗಬೇಡಿ.

ಹಾರ್ಮೋನ್ ಇಲ್ಲದ ದಾರಿ

ಇದರಲ್ಲಿ ಎರಡು ಬಗೆ. ಲೂಬ್ರಿಕೆಂಟ್ ಅಂದರೆ ಸೇರುವ ಹೊತ್ತಿಗೆ ಹಚ್ಚುವ ಜಾರಿಕೆ. ಮಾಯಿಶ್ಚರೈಸರ್ ಅಂದರೆ ಸೇರಲಿ ಬಿಡಲಿ, ವಾರಕ್ಕೆ ಎರಡು ಮೂರು ಸಲ ಒಳಗೆ ಹಚ್ಚಿ ಒದ್ದೆ ಉಳಿಸುವ ಜೆಲ್. ಹಯಲುರಾನಿಕ್ ಆಸಿಡ್ ಇರುವಂಥವು ಈಗ ಸಿಗುತ್ತವೆ. ಅಂಗಡಿಯಲ್ಲಿ ಎರಡನ್ನೂ ಒಂದೇ ಅನ್ನುವಂತೆ ಕೊಡುತ್ತಾರೆ, ಡಬ್ಬಿ ನೋಡಿ ತೆಗೆದುಕೊಳ್ಳಿ. ಸಿಹಿ ವಾಸನೆ, ಬಣ್ಣ, "ಬಿಸಿ ಅನುಭವ" ಅಂತ ಬರೆದಿರುವಂಥವು ಬೇಡ. ಗ್ಲಿಸರಿನ್ ಜಾಸ್ತಿ ಇರುವ ಜೆಲ್‌ಗಳು ಮಂದವಾಗಿದ್ದು ಒಳಪದರದ ನೀರನ್ನೇ ಎಳೆದುಕೊಂಡು ಕಿರಿಕಿರಿ ಮಾಡಬಹುದು. ಮನೆಯಲ್ಲಿನ ಕೊಬ್ಬರಿ ಎಣ್ಣೆ ಕೆಲವರಿಗೆ ಹಿತ. ಕಾಂಡೋಮ್ ಬಳಸುವವರು ಮಾತ್ರ ಎಣ್ಣೆ ಹಚ್ಚಬೇಡಿ, ರಬ್ಬರ್ ಹರಿಯುತ್ತದೆ.

ಈ ದಾರಿಯನ್ನು ಕೀಳಾಗಿ ನೋಡಬೇಡಿ. 2018ರಲ್ಲಿ ಅಮೆರಿಕದಲ್ಲಿ ಮುಟ್ಟು ನಿಂತ 302 ಹೆಂಗಸರ ಮೇಲೆ 12 ವಾರ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಈಸ್ಟ್ರೋಜೆನ್‌ನ ಒಳಮಾತ್ರೆ (ನುಂಗದೆ ಯೋನಿಯೊಳಗೆ ಇಡುವ ಮಾತ್ರೆ), ಕೆಲವರಿಗೆ ಮಾಯಿಶ್ಚರೈಸರ್, ಇನ್ನು ಕೆಲವರಿಗೆ ಔಷಧವೇ ಇಲ್ಲದ ಮಾತ್ರೆ ಮತ್ತು ಜೆಲ್. ಅತಿ ಹೆಚ್ಚು ಕಾಡುತ್ತಿದ್ದ ತೊಂದರೆ ಮೂರೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇಳಿಯಿತು! ತೊಂದರೆ ಹಗುರವಾಗಿದ್ದರೆ ಜೆಲ್ಲಿನಿಂದ ಶುರು ಮಾಡುವುದು ಪೂರ್ತಿ ಸರಿ ಅಂತ ನನಗೆ ಅನ್ನಿಸಿದ್ದು ಇದನ್ನು ಓದಿದ ಮೇಲೆ.

ಸ್ತನ ಕ್ಯಾನ್ಸರ್ ಆಗಿ ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ನಂಥ ಈಸ್ಟ್ರೋಜೆನ್ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಮೊದಲ ಆಯ್ಕೆ ಇದೇ. ಮುಟ್ಟು ಇನ್ನೂ ಸರಿಯಾಗಿ ಬರುತ್ತಿದೆ, ವಯಸ್ಸು ನಲವತ್ತರ ಒಳಗೆ, ಶುಗರ್‌ನಿಂದ ಒಣಗಿದೆ ಅನ್ನುವವರಿಗೂ ಇದೇ. ಅವರ ಮೈಯಲ್ಲಿ ಈಸ್ಟ್ರೋಜೆನ್ ಇದೆ, ಹೊರಗಿನಿಂದ ಕೊಟ್ಟರೆ ಉಪಯೋಗ ಕಡಿಮೆ. ಆದರೆ ಜೆಲ್ಲಿಗೆ ಒಂದು ಮಿತಿ ಇದೆ. ಅದು ಒದ್ದೆ ಮಾಡುತ್ತದೆ, ತೆಳುವಾದ ಪದರವನ್ನು ಮತ್ತೆ ದಪ್ಪ ಮಾಡುವುದಿಲ್ಲ. ಉರಿಮೂತ್ರ ಮರುಕಳಿಸುವುದನ್ನು ತಡೆಯುವ ಶಕ್ತಿಯೂ ಅದಕ್ಕಿಲ್ಲ. ಒಳ್ಳೆಯ ಜೆಲ್‌ಗಳು ಅಗ್ಗವೂ ಅಲ್ಲ. ತಿಂಗಳ ಲೆಕ್ಕ ಹಾಕಿದರೆ ಹಾರ್ಮೋನ್ ಕ್ರೀಮೇ ಕಡಿಮೆಗೆ ಬಂದರೂ ಬಂದೀತು.

ಒಳಗೆ ಹಚ್ಚುವ ಈಸ್ಟ್ರೋಜೆನ್

ನಮ್ಮ ಕಡೆ ಸಾಮಾನ್ಯವಾಗಿ ಬರೆದುಕೊಡುವುದು ಈಸ್ಟ್ರಿಯಾಲ್ ಕ್ರೀಮ್. 1 ಗ್ರಾಂ ಕ್ರೀಮಿನಲ್ಲಿ 1 ಮಿ.ಗ್ರಾಂ ಹಾರ್ಮೋನ್. ಈಸ್ಟ್ರಿಯಾಲ್ ಅನ್ನುವುದು ಈಸ್ಟ್ರೋಜೆನ್‌ಗಳಲ್ಲೇ ಸೌಮ್ಯವಾದದ್ದು. ರೂಢಿಯ ಪ್ರಮಾಣ ಮೊದಲು ಎರಡು ಮೂರು ವಾರ ದಿನಾ ರಾತ್ರಿ ಅರ್ಧ ಗ್ರಾಂ, ಆಮೇಲೆ ವಾರಕ್ಕೆ ಎರಡೇ ಸಲ. ಲೆಕ್ಕ ಹಾಕಿ ನೋಡಿ: ದಿನಾ ಹಚ್ಚುವುದು ಎರಡು ವಾರ ಅಂದುಕೊಂಡರೆ 15 ಗ್ರಾಂ ಟ್ಯೂಬಿನಲ್ಲಿ 7 ಗ್ರಾಂ ಆ ಎರಡು ವಾರಕ್ಕೆ, ಉಳಿದ 8 ಗ್ರಾಂ ಇನ್ನೂ ಎಂಟು ವಾರಕ್ಕೆ. ಒಂದು ಟ್ಯೂಬ್ ಎರಡು ತಿಂಗಳಿಗೂ ಮೇಲೆ ಬರುತ್ತದೆ. ಕಾಂಜುಗೇಟೆಡ್ ಈಸ್ಟ್ರೋಜೆನ್ ಕ್ರೀಮ್ ಇನ್ನೊಂದು. ಅದು ಮೂಲದಲ್ಲಿ ಗಬ್ಬದ ಕುದುರೆಯ ಮೂತ್ರದಿಂದ ತೆಗೆದದ್ದು. ಅದನ್ನು ಕೇಳಿ ಮೂಗು ಮುರಿದವರೂ ಇದ್ದಾರೆ. ಕೆಲಸವಂತೂ ಮಾಡುತ್ತದೆ. ಎಸ್ಟ್ರಾಡಿಯಾಲ್ ಎಂಬ ಇನ್ನೊಂದು ಈಸ್ಟ್ರೋಜೆನ್‌ನ 10 ಮೈಕ್ರೋಗ್ರಾಂ ಒಳಮಾತ್ರೆ ಮೂರನೆಯದು. ಕೈಗೆ ಅಂಟುವುದಿಲ್ಲ, ಬಟ್ಟೆಗೆ ಸೋರುವುದಿಲ್ಲ. ಬ್ರಿಟನ್ನಿನಲ್ಲಿ 2022ರಿಂದ ಇದು ಚೀಟಿಯಿಲ್ಲದೆಯೇ ಸಿಗುತ್ತದೆ, 50 ದಾಟಿ ಮುಟ್ಟು ನಿಂತು ವರ್ಷವಾದವರಿಗೆ. ಅಲ್ಲಿರುವ ಮಗಳು ಕಳಿಸಿದಳು ಅಂತ ಒಬ್ಬರು ನನಗೆ ತೋರಿಸಿದರು. ಮಗಳು ಕಳಿಸಿದರೂ ಮೊದಲು ಇಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ ಅಂದೆ.

ಈಗ ಆ ಹೆದರಿಸುವ ಚೀಟಿಯ ವಿಷಯ. 2002ರ ಜುಲೈನಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು ನಡುವೆಯೇ ನಿಲ್ಲಿಸಿದರು. ಅದರಲ್ಲಿ 16,608 ಹೆಂಗಸರಿದ್ದರು, ಸರಾಸರಿ ವಯಸ್ಸು 63. ಎರಡು ಹಾರ್ಮೋನ್ ಸೇರಿದ ಮಾತ್ರೆ ನುಂಗಿದವರಲ್ಲಿ ಪ್ರತಿ 10,000 ಜನಕ್ಕೆ ವರ್ಷಕ್ಕೆ 8 ಸ್ತನ ಕ್ಯಾನ್ಸರ್, 8 ಲಕ್ವ ಜಾಸ್ತಿ ಕಂಡವು. ಆ ಎಚ್ಚರಿಕೆಯನ್ನು ಆಮೇಲೆ ಎಲ್ಲ ಈಸ್ಟ್ರೋಜೆನ್ ಔಷಧಗಳ ಮೇಲೂ ಅಂಟಿಸಿದರು, ವಾರಕ್ಕೆ ಎರಡು ಸಲ ಹಚ್ಚುವ ಕ್ರೀಮಿನ ಮೇಲೂ. ಕ್ರೀಮಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 10 ಮೈಕ್ರೋಗ್ರಾಂ ಒಳಮಾತ್ರೆಯನ್ನು ವರ್ಷವಿಡೀ ಹಾಕಿದರೂ ಒಟ್ಟು ಹಾರ್ಮೋನ್ ಸುಮಾರು 1.14 ಮಿ.ಗ್ರಾಂ ಅಷ್ಟೇ. ನುಂಗುವ ಎಸ್ಟ್ರಾಡಿಯಾಲ್ ಮಾತ್ರೆಯಲ್ಲಿ ಒಂದೇ ದಿನಕ್ಕೆ 1 ಮಿ.ಗ್ರಾಂ ಇರುತ್ತದೆ. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ, ಒಳಗೆ ಹಚ್ಚುವ ಈಸ್ಟ್ರೋಜೆನ್ ಬಳಸಿದವರನ್ನು ವರ್ಷಗಟ್ಟಲೆ ಗಮನಿಸಿದಾಗ ಕ್ಯಾನ್ಸರ್, ಹೃದಯದ ತೊಂದರೆ ಜಾಸ್ತಿ ಕಾಣಲಿಲ್ಲ. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಚೌಕಟ್ಟು ಹಾಕಿ ಅಚ್ಚು ಮಾಡುವ ಈ ಎಚ್ಚರಿಕೆಗಳಲ್ಲಿ ಬಹಳಷ್ಟನ್ನು ತೆಗೆಸುವುದಾಗಿ ಹೇಳಿತು. ಆದರೂ ನಿಮ್ಮ ಡಬ್ಬಿಯಲ್ಲಿ ಹಳೆಯ ಚೀಟಿಯೇ ಇರಬಹುದು.

ಕ್ರೀಮಿನ ದೊಡ್ಡ ಲಾಭ ಉರಿಮೂತ್ರದ ವಿಷಯದಲ್ಲಿ. 1993ರ ಒಂದು ಪ್ರಯೋಗದಲ್ಲಿ ಪದೇ ಪದೇ ಮೂತ್ರದ ಸೋಂಕಾಗುತ್ತಿದ್ದ, ಮುಟ್ಟು ನಿಂತ 93 ಹೆಂಗಸರಲ್ಲಿ ಕೆಲವರಿಗೆ ಈಸ್ಟ್ರಿಯಾಲ್ ಕ್ರೀಮ್, ಉಳಿದವರಿಗೆ ಹಾರ್ಮೋನ್ ಇಲ್ಲದ ಕ್ರೀಮ್ ಕೊಟ್ಟರು. ಹಾರ್ಮೋನ್ ಇಲ್ಲದವರಿಗೆ ವರ್ಷಕ್ಕೆ 5.9 ಸಲ ಸೋಂಕು, ಹಾರ್ಮೋನ್ ಹಚ್ಚಿದವರಿಗೆ 0.5 ಸಲ. ಶುಗರ್ ಇರುವವರಿಗೆ ಮೂತ್ರದ ಸೋಂಕು ಕಿಡ್ನಿಗೆ ಏರಿದರೆ ಕಷ್ಟ. ಹಾಗಾಗಿ ನನ್ನ ದೃಷ್ಟಿಯಲ್ಲಿ ಶುಗರ್ ಇರುವ ಹೆಂಗಸಿಗೆ ಕ್ರೀಮ್ ಬೇಕಾಗುವ ಮುಖ್ಯ ಕಾರಣವೇ ಇದು, ಸುಖಸಂಸಾರದ ಮಾತು ಆಮೇಲೆ.

ಇದಕ್ಕೆ ಇನ್ನೊಂದು ಮುಖವೂ ಇದೆ, ಇದನ್ನು ಹೇಳುವವರು ಕಡಿಮೆ. ಶಿಲೀಂಧ್ರಕ್ಕೆ ಈಸ್ಟ್ರೋಜೆನ್ ಇಷ್ಟ. ಮುಟ್ಟು ನಿಂತು ಹಾರ್ಮೋನ್ ಇಲ್ಲದೆ ಇರುವವರಲ್ಲಿ ಶಿಲೀಂಧ್ರದ ಸೋಂಕು ಸಾಮಾನ್ಯವಾಗಿ ಕಡಿಮೆ. ಶುಗರ್ ಇರುವವರು ಮತ್ತು ಈಸ್ಟ್ರೋಜೆನ್ ಹಚ್ಚುವವರು ಇದಕ್ಕೆ ಹೊರತು. ನಮ್ಮಲ್ಲಿ ಎರಡೂ ಸೇರಿದರೆ? ಶುಗರ್ ಮೇಲಿದ್ದಾಗ, ಗ್ಲಿಫ್ಲೋಜಿನ್ ಮಾತ್ರೆಯೂ ನಡೆಯುತ್ತಿರುವಾಗ ಕ್ರೀಮ್ ಶುರು ಮಾಡಿದರೆ ಉರಿ ಹೋಗಿ ನವೆ ಬರಬಹುದು. ಆಗ "ಕ್ರೀಮ್ ಆಗಿಬರಲಿಲ್ಲ" ಅಂತ ಬಿಟ್ಟುಬಿಡುತ್ತಾರೆ. ಆಗಿಬರದ್ದು ಕ್ರೀಮಲ್ಲ, ಮೊದಲು ಆಗಬೇಕಿದ್ದ ಕೆಲಸ ಹಿಂದೆ ಬಿದ್ದಿತ್ತು. ಶುಗರ್ ಒಂದು ಹದಕ್ಕೆ ಬರಲಿ, ಶಿಲೀಂಧ್ರ ಇದ್ದರೆ ಅದಕ್ಕೆ ಮದ್ದಾಗಲಿ, ಆಮೇಲೆ ಕ್ರೀಮ್. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 9, 10 ಇರುವವರು ಈ ಸಾಲನ್ನು ಎರಡು ಸಲ ಓದಿ.

ಗರ್ಭಕೋಶ ಇದ್ದರೂ ಕಡಿಮೆ ಪ್ರಮಾಣದ ಒಳಕ್ರೀಮಿನ ಜೊತೆ ಪ್ರೊಜೆಸ್ಟರಾನ್ (ಗರ್ಭಕೋಶದ ಒಳಪದರ ದಪ್ಪವಾಗದಂತೆ ಕಾಯುವ ಇನ್ನೊಂದು ಹಾರ್ಮೋನ್) ಬೇಕಾಗುವುದಿಲ್ಲ. ಆದರೆ ಶುಗರ್, ಅದರ ಜೊತೆ ದಪ್ಪ ಮೈ ಇರುವವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯ ಮೊದಲೇ ಸ್ವಲ್ಪ ಜಾಸ್ತಿ. ಹಾಗಾಗಿ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ "ಕ್ರೀಮಿನದ್ದಿರಬೇಕು" ಅಂತ ಕೂರಬಾರದು, ಸ್ಕ್ಯಾನ್ ಮಾಡಿಸಬೇಕು.

ಗುಣ ಕಾಣಲು ನಾಲ್ಕರಿಂದ ಹನ್ನೆರಡು ವಾರ ಹಿಡಿಯುತ್ತದೆ. ಬಿಟ್ಟರೆ ತೊಂದರೆ ವಾಪಸ್. ಇದು ಚಾಳೀಸಿನ ಕನ್ನಡಕದ ಹಾಗೆ, ಬೇಕಾದಷ್ಟು ಕಾಲ ಬೇಕು.

ಇಡೀ ಮೈಗೆ ಹಾರ್ಮೋನ್

ಮೈ ಬಿಸಿಯೇರುವುದು, ಬೆವರು, ನಿದ್ದೆಗೆಡುವುದು ಜೋರಾಗಿದ್ದರೆ ಮಾತ್ರ ಈ ದಾರಿ. ಬರೀ ಕೆಳಗಿನ ಉರಿಗಾಗಿ ಮಾತ್ರೆ ನುಂಗುವುದು ಒಂದು ಗಿಡಕ್ಕೆ ನೀರು ಹಾಕಲು ಇಡೀ ಕೆರೆ ಕಟ್ಟೆ ಒಡೆದಂತೆ. ಅಷ್ಟಾಗಿಯೂ ಕೆಲವರಿಗೆ ಮಾತ್ರೆ ನುಂಗಿದರೂ ಕೆಳಗಿನ ಒಣಗುವಿಕೆ ಉಳಿದು, ಮೇಲೆ ಕ್ರೀಮೂ ಬೇಕಾಗುತ್ತದೆ.

ಶುಗರ್ ಇದ್ದರೆ ಹಾರ್ಮೋನ್ ಮಾತ್ರೆ ಬೇಡವೇ ಬೇಡ ಅನ್ನುವುದು ತಪ್ಪು ತಿಳಿವಳಿಕೆ. ಆಗಲೇ ಹೇಳಿದ 2002ರ ಅಧ್ಯಯನದಲ್ಲಿ ಹಾರ್ಮೋನ್ ಗುಂಪಿನವರಿಗೆ ಹೊಸದಾಗಿ ಶುಗರ್ ಬಂದದ್ದು ಇನ್ನೊಂದು ಗುಂಪಿಗಿಂತ 21% ಕಡಿಮೆ. ಇನ್ಸುಲಿನ್ ಕೆಲಸಕ್ಕೆ ಈಸ್ಟ್ರೋಜೆನ್ ಒತ್ತಾಸೆ ಕೊಡುತ್ತದೆ. ಹಾಗಂತ ಶುಗರ್ ತಡೆಯಲು ಯಾರೂ ಇದನ್ನು ಕೊಡುವುದಿಲ್ಲ. ನಮ್ಮ ಚಿಂತೆ ಇರುವುದು ಹೃದಯ, ರಕ್ತನಾಳದ ಕಡೆ. ಶುಗರ್ ಅಲ್ಲಿ ಮೊದಲೇ ಕೈ ಹಾಕಿರುತ್ತದೆ.

ಮಾತ್ರೆಯಾ, ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಪ್ಯಾಚಾ ಅನ್ನುವುದು ಇಲ್ಲಿ ದೊಡ್ಡ ವ್ಯತ್ಯಾಸ. ನುಂಗಿದ ಈಸ್ಟ್ರೋಜೆನ್ ಮೊದಲು ಲಿವರಿಗೆ ಹೋಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನೂ ಏರಿಸುತ್ತದೆ. ಶುಗರ್ ಇರುವವರಲ್ಲಿ ಟ್ರೈಗ್ಲಿಸರೈಡ್ ಮೊದಲೇ ಮೇಲಿರುವುದು ಮಾಮೂಲು. ತೋಳಿಗೆ, ತೊಡೆಗೆ ಹಚ್ಚುವ ಎಸ್ಟ್ರಾಡಿಯಾಲ್ ಜೆಲ್ ಲಿವರಿನ ದಾರಿ ಬಿಟ್ಟು ನೇರ ರಕ್ತಕ್ಕೆ ಸೇರುತ್ತದೆ. ಬೆಲೆ ಮಾತ್ರೆಗಿಂತ ಜಾಸ್ತಿ, ಊರಿನ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ತರಿಸಿಕೊಳ್ಳಬೇಕಾದೀತು. ಆದರೂ ಶುಗರ್ ಇರುವವರು ಇಡೀ ಮೈಗೆ ಹಾರ್ಮೋನ್ ತೆಗೆದುಕೊಳ್ಳುವುದಾದರೆ ಜೆಲ್ಲಿನ ಬಗ್ಗೆಯೇ ಮೊದಲು ಕೇಳಿ. ಗರ್ಭಕೋಶ ಇದ್ದರೆ ಜೊತೆಗೆ ಪ್ರೊಜೆಸ್ಟರಾನ್ ಕಡ್ಡಾಯ. ಇಲ್ಲದಿದ್ದರೆ ಒಳಪದರ ದಪ್ಪವಾಗುತ್ತಾ ಹೋಗಿ ಕ್ಯಾನ್ಸರಿಗೆ ದಾರಿಯಾದೀತು. ಮೈಕ್ರೊನೈಸ್ಡ್ ಪ್ರೊಜೆಸ್ಟರಾನ್ ಅನ್ನು ಮಲಗುವ ಮುಂಚೆ ನುಂಗುವುದು. ನಿದ್ದೆಯೂ ಬರುತ್ತದೆ, ಅದೊಂದು ಉಚಿತ ಕೊಡುಗೆ.

ವಯಸ್ಸು 60ರ ಒಳಗೆ, ಮುಟ್ಟು ನಿಂತು 10 ವರ್ಷದ ಒಳಗೆ ಶುರು ಮಾಡಿದರೆ ಅಪಾಯ ಕಡಿಮೆ. ಸ್ತನ ಕ್ಯಾನ್ಸರ್, ಹೃದಯಾಘಾತ, ಲಕ್ವ, ರಕ್ತ ಹೆಪ್ಪುಗಟ್ಟಿದ್ದು, ಲಿವರಿನ ದೊಡ್ಡ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ, ಇವು ಇದ್ದವರಿಗೆ ಈ ದಾರಿ ಬೇಡ. ಇನ್ನೊಂದು ಗುಂಪಿದೆ. ನಮ್ಮಲ್ಲಿ ನಲವತ್ತು ತುಂಬುವ ಮೊದಲೇ ಗರ್ಭಕೋಶ, ಅದರ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರು ಕಡಿಮೆ ಏನಿಲ್ಲ. ಮೂಳೆಗೂ ಹೃದಯಕ್ಕೂ ಬೇಕು ಅಂತ ಅವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡುವುದು ರೂಢಿ. ಗರ್ಭಕೋಶ ಇಲ್ಲದ್ದರಿಂದ ಪ್ರೊಜೆಸ್ಟರಾನ್‌ನ ಗೋಜೂ ಇಲ್ಲ. ಶುಗರ್ ಅನ್ನುವ ಒಂದೇ ಕಾರಣಕ್ಕೆ ಇವರು ಅದನ್ನು ಬೇಡ ಅನ್ನಬಾರದು.

ಟಿಬೊಲೋನ್ ಅಂತ ಹಾರ್ಮೋನಿನಂತೆಯೇ ಕೆಲಸ ಮಾಡುವ ಒಂದು ಮಾತ್ರೆ ಇದೆ, 2.5 ಮಿ.ಗ್ರಾಂ. ವಯಸ್ಸಾದವರಲ್ಲಿ ಲಕ್ವದ ಅಪಾಯ ಏರಿಸಿದ್ದು 2008ರಲ್ಲಿ ಗೊತ್ತಾಯಿತು, ಒಳ್ಳೆಯ ಕೊಲೆಸ್ಟರಾಲನ್ನೂ ಇಳಿಸುತ್ತದೆ. ಶುಗರ್ ಇರುವ ಅರವತ್ತು ದಾಟಿದವರಿಗೆ ನಾನಂತೂ ಇದರ ಮಾತು ಎತ್ತುವುದಿಲ್ಲ.

ಲೇಸರ್

ಚಿಕ್ಕದಾಗಿ ಹೇಳುತ್ತೇನೆ. ಸಾಮಾನ್ಯವಾಗಿ ಮೂರು ಸಲ ಮಾಡುತ್ತಾರೆ, ದುಡ್ಡು ಸಾವಿರಗಳ ಲೆಕ್ಕ. 2018ರಲ್ಲೇ ಅಮೆರಿಕದ ಎಫ್‌ಡಿಎ ಇದರ ಜಾಹೀರಾತುಗಳ ಬಗ್ಗೆ ಎಚ್ಚರಿಸಿತ್ತು. 2021ರಲ್ಲಿ ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ನಿಜವಾದ ಲೇಸರ್, ಕೆಲವರಿಗೆ ಮಾಡಿದಂತೆ ನಟನೆ. ವರ್ಷದ ನಂತರ ನೋಡಿದರೆ ಇಬ್ಬರಲ್ಲೂ ವ್ಯತ್ಯಾಸ ಇಲ್ಲ. ಗಾಯ ಬೇಗ ಮಾಯದ ನಮ್ಮಂಥವರು ಆ ದುಡ್ಡಿನಲ್ಲಿ ಒಳ್ಳೆಯ ಗ್ಲುಕೋಮೀಟರ್, ವರ್ಷಕ್ಕಾಗುವಷ್ಟು ಕ್ರೀಮ್ ತೆಗೆದುಕೊಂಡರೂ ಮಿಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಐವತ್ತೆರಡರ ಒಬ್ಬರು, ಶುಗರ್ ಹಿಡಿತದಲ್ಲಿದೆ, ಎಚ್‌ಬಿಎ1ಸಿ 7ರ ಹತ್ತಿರ, ಸೇರುವಾಗ ಮಾತ್ರ ನೋವು ಅಂದರೆ ಮೊದಲು ಒಂದೆರಡು ತಿಂಗಳು ಜೆಲ್ ನೋಡಲಿ. ಸಾಲದಿದ್ದರೆ ಕ್ರೀಮ್. ಅರವತ್ತೈದರ ಅಜ್ಜಿ, ಸಂಸಾರದ ಗೊಡವೆ ಇಲ್ಲ, ವರ್ಷಕ್ಕೆ ನಾಲ್ಕು ಸಲ ಉರಿಮೂತ್ರಕ್ಕೆ ಆಂಟಿಬಯಾಟಿಕ್ ನುಂಗುತ್ತಾರೆ ಅಂದರೆ ಅವರಿಗೆ ಜೆಲ್ಲಿನಲ್ಲಿ ಕಾಲ ಕಳೆಯುವುದು ಬೇಡ, ಈಸ್ಟ್ರಿಯಾಲ್ ಕ್ರೀಮ್ ಬಗ್ಗೆಯೇ ಕೇಳಲಿ. "ಈ ವಯಸ್ಸಿಗೆ ಅದೆಲ್ಲ ಯಾಕೆ" ಅಂತ ಮನೆಯವರು ಅಂದರೆ ಇದು ಕಿಡ್ನಿಯ ವಿಷಯ ಅಂತ ಹೇಳಲಿ. ಮಂಡಿ ಬಗ್ಗುವುದಿಲ್ಲ, ಅಪ್ಲಿಕೇಟರ್ ಹಿಡಿಯಲು ಆಗುವುದಿಲ್ಲ ಅನ್ನುವವರು ಮಲಗಿಕೊಂಡು ಬೆರಳ ತುದಿಯಲ್ಲೇ ಹಚ್ಚಿಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಬಹುದು.

ನಲವತ್ತೆಂಟು, ಮುಟ್ಟು ನಿಂತು ಒಂದು ವರ್ಷ, ರಾತ್ರಿ ನಾಲ್ಕು ಸಲ ಬೆವರಿ ಏಳುತ್ತಾರೆ, ಹೃದಯ ಚೆನ್ನಾಗಿದೆ ಅನ್ನುವವರಿಗೆ ಚರ್ಮಕ್ಕೆ ಹಚ್ಚುವ ಜೆಲ್ ಮತ್ತು ಪ್ರೊಜೆಸ್ಟರಾನ್ ಕೇಳಿ ನೋಡುವಂಥದ್ದು. ರಾತ್ರಿ ಬೆವರಿದಾಗ ಒಮ್ಮೆ ಶುಗರ್ ಚುಚ್ಚಿ ನೋಡಿ. ಶುಗರ್ ಇಳಿದರೂ ಹೀಗೇ ಬೆವರುತ್ತದೆ, ಎಷ್ಟೋ ಜನ ಅದನ್ನು ಮುಟ್ಟು ನಿಂತದ್ದರ ಬೆವರು ಅಂದುಕೊಂಡು ಬಿಡುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಇಡೀ ಮೈಯ ಹಾರ್ಮೋನ್ ಬೇಡ. ಒಳಗೆ ಹಚ್ಚುವ ಕಡಿಮೆ ಪ್ರಮಾಣದ ಕ್ರೀಮನ್ನು ಅವರು ಹೃದಯದ ಡಾಕ್ಟರಿಗೂ ತಿಳಿಸಿ ಬಳಸಬಹುದು. ಸ್ತನ ಕ್ಯಾನ್ಸರ್ ಆದವರು ಜೆಲ್ಲಿನಲ್ಲೇ ಇರಲಿ. ತೀರಾ ತಾಳಲಾರದಾದರೆ ಕ್ಯಾನ್ಸರ್ ಡಾಕ್ಟರ್ ಒಪ್ಪಿದ ಮೇಲೆ ಮಾತ್ರ ಮುಂದಿನ ಮಾತು.

ಡಾಕ್ಟರ್ ಹತ್ತಿರ ಹೋಗುವಾಗ ಶುಗರ್ ಮಾತ್ರೆಗಳ ಪಟ್ಟಿ, ಕಳೆದ ಎಚ್‌ಬಿಎ1ಸಿ ರಿಪೋರ್ಟ್, ಆಪರೇಷನ್ ಆಗಿದ್ದರೆ ಅದರ ಚೀಟಿ ಒಯ್ಯಿರಿ. ಅಂಗಡಿಯಿಂದ ತಂದು ಹಚ್ಚಿದ ಟ್ಯೂಬುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ, ನಾಚಿಕೆ ಬೇಡ. ನಾನು ಒಯ್ದ ಚೀಲದಲ್ಲಿ ಐದು ಟ್ಯೂಬ್ ಇದ್ದವು. ಲೇಡಿ ಡಾಕ್ಟರ್ ಒಂದೊಂದಾಗಿ ಓದಿ ನಾಲ್ಕನ್ನು ಕಸದ ಬುಟ್ಟಿಗೆ ಹಾಕಿದರು. ಐದನೆಯದು ಹಲ್ಲುಜ್ಜುವ ಪೇಸ್ಟು, ಅವಸರದಲ್ಲಿ ಸೇರಿಕೊಂಡಿತ್ತು.